ಹಿಂದಿನ ಕಮಾನು

ಮೋಟಾರು ಗಾಡಿಯನ್ನು ಹೊಗಳುವವರು ಅದರ ಮುಖವನ್ನು ನೋಡಿ ಹೊಗಳುತ್ತಾರೆ. ಎಂಜಿನ್ನಿನ ಬಲ, ದೀಪಗಳ ಅಂದ, ಬಣ್ಣದ ಮಿರುಗು—ಇವು ಕಣ್ಣಿಗೆ ಬೀಳುತ್ತವೆ, ಮಾತಿಗೆ ಸಿಕ್ಕುತ್ತವೆ. ಒಡಲಿನ ಕೆಳಗೆ, ಕೆಸರು ಧೂಳುಗಳ ನಡುವೆ ಹುದುಗಿದ್ದು ಮನೆಮಂದಿಯ ಭಾರವನ್ನೂ ಸಾಮಾನಿನ ಭಾರವನ್ನೂ ಹೊರುವ ಹಿಂದಿನ ಕಮಾನುಗಳನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅವು ಸರಿಯಾಗಿರುವಷ್ಟು ಕಾಲ ಅವುಗಳ ಇರವೇ ನಮಗೆ ತಿಳಿಯುವುದಿಲ್ಲ. ಸವೆದು ಸೋತ ದಿನ ಮಾತ್ರ ನಮ್ಮ ಬೆನ್ನುಮೂಳೆ ಅವುಗಳನ್ನು ನೆನೆಯುತ್ತದೆ. ಒಂದು ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಕಮಾನುಗಳನ್ನು ಬಿಚ್ಚಿಸಿ, ಸವೆದುದನ್ನು ಬದಲಿಸಿ, ಉಳಿಯತಕ್ಕುದನ್ನು ಉಳಿಸಿ, ಮತ್ತೆ ಕಟ್ಟಿಸಿದ ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಯಂತ್ರದ ವಿಷಯ ಸಾಹಿತ್ಯದ ಪುಟಕ್ಕೆ ಏಕೆ ಎಂದು ಕೇಳುವವರು ಸ್ವಲ್ಪ ತಾಳ್ಮೆ ವಹಿಸಬೇಕು. ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು ಎಂಬ ಪ್ರಶ್ನೆ ಗ್ಯಾರೇಜಿಗೆ ಮಾತ್ರ ಸೇರಿದುದಲ್ಲ.

ಮೊದಲು ಮಾತಿನ ವಿಚಾರ. 'ಕಮಾನು' ಪಾರಸಿಯಿಂದ ಬಂದ ಶಬ್ದ. ಅಲ್ಲಿ ಅದರ ಅರ್ಥ ಬಿಲ್ಲು. ಕನ್ನಡಕ್ಕೆ ಬಂದ ಮೇಲೆ ಅದು ಹಲವು ಮನೆಗಳಲ್ಲಿ ಬಿಡಾರ ಹೂಡಿತು. ಬಾಗಿಲ ಮೇಲಣ ಬಾಗಿದ ಕಟ್ಟಡ ಕಮಾನು. ಪಿಟೀಲು ನುಡಿಸುವ ಕೋಲು ಕಮಾನು. ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟೂ ಕಮಾನು. ಲಾರಿಯವರು ಇದನ್ನೇ ಪಾಟಾ ಎನ್ನುತ್ತಾರೆ. 'ಪಾಟಾ ಕಟ್ಟಾಯಿತು' ಎಂದರೆ ಲಾರಿ ಅಂದು ಅಲ್ಲಿಂದ ಮುಂದೆ ಹೋಗದೆಂದು ಅರ್ಥ. ಬಿಲ್ಲಿಗೂ ಇದಕ್ಕೂ ಇರುವ ಹೋಲಿಕೆ ಸಹಜವಾದುದೇ. ಆದರೆ ಒಂದು ವ್ಯತ್ಯಾಸವುಂಟು. ಬಿಲ್ಲುಗಾರನು ಕೆಲಸ ಮುಗಿದೊಡನೆ ಹೆದೆಯನ್ನು ಇಳಿಸಿಡುತ್ತಾನೆ. ಸದಾ ಹೆದೆಯೇರಿಸಿಟ್ಟ ಬಿಲ್ಲು ಕಸುವು ಕಳೆದುಕೊಳ್ಳುವುದೆಂದು ಅವನು ಬಲ್ಲ. ಕಾರಿನ ಕಮಾನಿಗೆ ಹೆದೆ ಇಳಿಸುವ ಗಳಿಗೆಯೇ ಇಲ್ಲ. ಗಾಡಿ ಓಡುತ್ತಿರಲಿ, ಮನೆಯ ಮುಂದೆ ನಿದ್ರಿಸುತ್ತಿರಲಿ, ಭಾರ ಮೇಲಿದ್ದೇ ಇರುತ್ತದೆ. ಐವತ್ತು ವರ್ಷಗಳ ಕಾಲ ಹೆದೆಯೇರಿಸಿಯೇ ಇಟ್ಟ ಬಿಲ್ಲನ್ನು ಊಹಿಸಿಕೊಳ್ಳಿರಿ. ಹಳೆಯ ಕಾರಿನ ಹಿಂಭಾಗ ಏಕೆ ಕುಸಿದಿರುತ್ತದೆಂಬುದು ಆಗ ತಿಳಿಯುತ್ತದೆ.

ನಮ್ಮ ಎತ್ತಿನ ಗಾಡಿಗೆ ಕಮಾನಿರಲಿಲ್ಲ. ಕಲ್ಲಿನ ಪೆಟ್ಟು ಗಾಲಿಯಿಂದ ಅಚ್ಚಿಗೆ, ಅಚ್ಚಿನಿಂದ ಕುಳಿತವರ ಮೈಗೆ ನೇರವಾಗಿ ಏರುತ್ತಿತ್ತು. ನಡುವೆ ಇದ್ದುದು ಒಂದಿಷ್ಟು ಹುಲ್ಲಿನ ಮೆತ್ತೆ. ಜಟಕಾ ಬಂದಾಗ ಗಾಲಿಗೂ ಪೆಟ್ಟಿಗೆಗೂ ನಡುವೆ ಉಕ್ಕಿನ ಪಟ್ಟಿಗಳು ಬಂದುವು. ಸ್ಪ್ರಿಂಗು ಎಷ್ಟು ಎಳೆದರೆ ಅಷ್ಟಕ್ಕೆ ತಕ್ಕ ಬಲದಿಂದ ಮರಳಿ ಎಳೆಯುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಒಬಡಯ್ಯ ಎಲಿಯಟ್ ಎಂಬಾತ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನನ್ನು ಕುದುರೆಗಾಡಿಗೆ ಅಳವಡಿಸಿ ಹಕ್ಕು ಪಡೆದನು. ದಪ್ಪನಾದ ಒಂದೇ ಪಟ್ಟಿಯನ್ನು ಬಿಟ್ಟು ತೆಳುವಾದ ಹಲವನ್ನು ಪೇರಿಸುವುದೇಕೆ? ಅದರಲ್ಲೊಂದು ಸ್ವಾರಸ್ಯವಿದೆ. ಪಟ್ಟಿಯ ದಪ್ಪವನ್ನು ಎರಡು ಪಟ್ಟು ಮಾಡಿದರೆ ಅದರ ಬಿರುಸು ಎಂಟು ಪಟ್ಟಾಗುತ್ತದೆ. ಅದೇ ಉಕ್ಕನ್ನು ಎರಡು ಬಿಡಿ ಪಟ್ಟಿಗಳನ್ನಾಗಿ ಒಂದರ ಮೇಲೊಂದಿಟ್ಟರೆ ಬಿರುಸು ಎರಡೇ ಪಟ್ಟು. ಒಂಟಿಯಾದ ದಪ್ಪ ಪಟ್ಟಿ ಮಣಿಯಲೊಲ್ಲದು. ಬಲವಂತವಾಗಿ ಮಣಿಸಿದರೆ ಮುರಿಯುತ್ತದೆ. ಬಿಡಿಬಿಡಿಯಾದ ತೆಳು ಪಟ್ಟಿಗಳು ಒಂದರ ಮೇಲೊಂದು ಜಾರುತ್ತ, ಭಾರವನ್ನು ಹಂಚಿಕೊಂಡು ಮಣಿದು ಮತ್ತೆ ನಿಲ್ಲುತ್ತವೆ.

ಅಂಬಾಸಿಡರ್ ಕಾರಿನ ಪರಿಚಯ ನಮ್ಮವರಿಗೆ ಬೇಕಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಬಂಗಾಳದ ಉತ್ತರಪಾರಾದಲ್ಲಿ 1957-58ರ ವೇಳೆಗೆ ಇದನ್ನು ತಯಾರಿಸತೊಡಗಿತು. 2014ರಲ್ಲಿ ತಯಾರಿಕೆ ನಿಂತಿತು. ವಿಧಾನಸೌಧದ ಮೆಟ್ಟಿಲ ಮುಂದೆ ಮಂತ್ರಿಗಳನ್ನು ಇಳಿಸಿದ್ದೂ ಇದೇ, ಮದುವೆಯ ದಿಬ್ಬಣದಲ್ಲಿ ಹತ್ತು ಜನರನ್ನು ತುಂಬಿಕೊಂಡು ಹಳ್ಳಿಯ ದಾರಿ ಹಿಡಿದುದೂ ಇದೇ. ಇದರ ಹಿಂಬದಿಯ ರಚನೆ ಬಲು ಸರಳವಾದುದು. ಎರಡು ಗಾಲಿಗಳನ್ನು ಕೂಡಿಸುವ ಒಂದೇ ಗಟ್ಟಿ ಅಚ್ಚು. ಅದರ ಎರಡು ಕಡೆಗೂ ಒಂದೊಂದು ಕಮಾನು. ಕಮಾನಿನ ನಡುವನ್ನು ಇಂಗ್ಲಿಷಿನ 'ಯು' ಅಕ್ಷರದ ಆಕಾರದ ಬೋಲ್ಟುಗಳು ಅಚ್ಚಿಗೆ ಬಿಗಿದಿರುತ್ತವೆ. ಅತಿ ಉದ್ದವಾದ ಮುಖ್ಯ ಪಟ್ಟಿಯ ಎರಡು ತುದಿಗಳನ್ನೂ ಸುರುಳಿಯಾಗಿ ಬಗ್ಗಿಸಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಗಾಡಿಯ ಒಡಲಿಗೆ ಸ್ಥಿರವಾಗಿ ಸೇರಿರುತ್ತದೆ. ಹಿಂದಿನ ಕಣ್ಣು ಶ್ಯಾಕಲ್ ಎಂಬ ತೂಗುಕೊಂಡಿಯಲ್ಲಿ ಆಡುತ್ತಿರುತ್ತದೆ. ಬಾಗಿದ ಪಟ್ಟಿ ಭಾರಕ್ಕೆ ಚಪ್ಪಟೆಯಾದಾಗ ಉದ್ದವಾಗುತ್ತದೆಯಷ್ಟೆ. ಆ ಉದ್ದಕ್ಕೆ ಎಡೆ ಬೇಕು. ಎರಡು ತುದಿಗಳನ್ನೂ ಭದ್ರವಾಗಿ ಕಟ್ಟಿಬಿಟ್ಟರೆ ಕಮಾನು ಕಮಾನಾಗಿ ಉಳಿಯುವುದಿಲ್ಲ.

ಈ ರಚನೆಯಲ್ಲಿ ಕಮಾನು ಭಾರ ಹೊರುವ ಕೆಲಸವೊಂದನ್ನೇ ಮಾಡುವುದಿಲ್ಲ. ಅಚ್ಚು ಹಿಂದುಮುಂದಾಗದಂತೆ, ಅಕ್ಕಪಕ್ಕಕ್ಕೆ ಸರಿಯದಂತೆ ಹಿಡಿದಿಡುವುದೂ ಅದೇ; ಗಾಡಿ ವೇಗ ಪಡೆಯುವಾಗ, ಬ್ರೇಕು ಹಾಕಿದಾಗ ಅಚ್ಚು ತಿರುಚಿಕೊಳ್ಳದಂತೆ ತಡೆಯುವುದೂ ಅದೇ. ಆದುದರಿಂದ ಕಮಾನು ಸವೆದರೆ ಕೆಡುವುದು ಕುಳಿತವರ ಸುಖ ಮಾತ್ರವಲ್ಲ. ಅಚ್ಚು ಒಂದು ಬದಿಯಲ್ಲಿ ಕೂದಲೆಳೆಯಷ್ಟು ಮುಂದಾದರೂ ಹಿಂದಿನ ಗಾಲಿಗಳು ತಮ್ಮದೇ ದಾರಿ ಹಿಡಿಯಲು ಹವಣಿಸುತ್ತವೆ. ಆಗ ಗಾಡಿಯನ್ನು ನಡೆಸುವವರು ಇಬ್ಬರಾಗುತ್ತಾರೆ: ಚಕ್ರ ಹಿಡಿದು ಮುಂದೆ ಕುಳಿತವನೊಬ್ಬ, ಹಿಂದೆ ಸಡಿಲಗೊಂಡ ಅಚ್ಚು ಮತ್ತೊಬ್ಬ.

ನನ್ನ ಬಳಿಯಿರುವುದು 1973ರಲ್ಲಿ ನೋಂದಣಿಯಾದ ಮಾರ್ಕ್ 2 ಮಾದರಿಯ ಗಾಡಿ. ನಮ್ಮ ದೊಡ್ಡಪ್ಪನವರು ಕೊಂಡದ್ದು. ಅವರು ಕಾಲವಾದ ಮೇಲೆ ಬೇರೆ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂದಿತು. ಕೆಲವು ತಿಂಗಳುಗಳಿಂದ ಅದರ ನಡೆಯಲ್ಲಿ ವ್ಯತ್ಯಾಸ ಕಾಣತೊಡಗಿತ್ತು. ಬಲಭಾಗ ಎಡಕ್ಕಿಂತ ತಗ್ಗಾಗಿತ್ತು. ರಸ್ತೆಯ ಉಬ್ಬುಗಳನ್ನು ದಾಟಿದಾಗಲೆಲ್ಲ ಹಿಂದಿನಿಂದ 'ಠಕ್' ಎಂಬ ಸದ್ದು. ಮಾರತಹಳ್ಳಿಯ ಕಡೆ ತಿರುವಿನಲ್ಲಿ ಲಾರಿಯೊಂದಕ್ಕೆ ದಾರಿ ಬಿಡುವಾಗ ಗಾಡಿಯ ಹಿಂಭಾಗ ನಾನು ಕೇಳದ ಕಡೆಗೆ ಒಂದಿಷ್ಟು ಸರಿಯಿತು. ಹಿಂದಿನ ಆಸನದಲ್ಲಿ ನನ್ನ ತಾಯಿಯೂ ಮಗಳೂ ಇದ್ದರು. ಅವರಿಗೆ ಅದು ತಿಳಿಯಲಿಲ್ಲ; ನನಗೆ ತಿಳಿಯಿತು. ಗಾಡಿಯನ್ನು ಸರಿಪಡಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು ಎಂದು ಅಂದೇ ನಿಶ್ಚಯಿಸಿದೆ.

ಉಬ್ಬುಗಳ ವಿಷಯ ಬಂದುದರಿಂದ ಹೇಳುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರದಂತೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್ ಇರಬೇಕು; ಎಂದರೆ ಅದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿಬ್ಬ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಉಬ್ಬುಗಳು ಒಂದು ಮೊಳ ಅಗಲದ ಗೋಡೆಗಳು. ಅಂತಹ ಒಂದೊಂದು ಗೋಡೆಯೂ ಕಮಾನಿನ ಆಯುಷ್ಯದಿಂದ ಒಂದಿಷ್ಟನ್ನು ಕಿತ್ತುಕೊಳ್ಳುತ್ತದೆ. ಒಂದೇ ಪೆಟ್ಟಿಗೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಚಿಕ್ಕದಾದ ಪೆಟ್ಟು ಲಕ್ಷ ಸಲ ಬಿದ್ದಾಗ ಮುರಿಯುತ್ತದೆ. ಜರ್ಮನಿಯ ಆಗಸ್ಟ್ ವ್ಯೋಲರ್ ರೈಲುಗಾಡಿಯ ಅಚ್ಚುಗಳು ಏಕೆ ಮುರಿಯುತ್ತವೆಂದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ ಇದನ್ನು ತೋರಿಸಿಕೊಟ್ಟನು. ಎಂಜಿನಿಯರುಗಳು ಈ ಗುಣವನ್ನು ಲೋಹದ ದಣಿವು ಎನ್ನುತ್ತಾರೆ. ಕವಿಗಳು ಹುಡುಕಿದ್ದರೂ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕುತ್ತಿತ್ತೋ ಇಲ್ಲವೋ.

ಮೊದಲು ಹೊಸ ಬಗೆಯ ದೊಡ್ಡ ಕಾರ್ಯಾಗಾರವೊಂದಕ್ಕೆ ಹೋದೆ. ಅಲ್ಲಿನ ತರುಣರು ಸಭ್ಯರು. ಗಣಕಯಂತ್ರದಲ್ಲಿ ಗಾಡಿಯ ಹೆಸರನ್ನು ಹುಡುಕಿದರು, ಅದು ಅಲ್ಲಿರಲಿಲ್ಲ. ಬಿಡಿಭಾಗಕ್ಕೆ ಸಂಖ್ಯೆಯಿಲ್ಲದಿದ್ದರೆ ಕೆಲಸಕ್ಕೆ ಚೀಟಿಯಿಲ್ಲ. ಚೀಟಿಯಿಲ್ಲದಿದ್ದರೆ ಗಾಡಿಯನ್ನು ಒಳಗೆ ತೆಗೆದುಕೊಳ್ಳುವಂತಿಲ್ಲ. ಅವರ ವ್ಯವಸ್ಥೆಯಲ್ಲಿ ಸರಿಪಡಿಸುವುದೆಂದರೆ ಒಂದು ಭಾಗವನ್ನು ತೆಗೆದು ಅದೇ ಸಂಖ್ಯೆಯ ಇನ್ನೊಂದನ್ನು ಇಡುವುದು. ಅದು ತಪ್ಪೆಂದು ನಾನು ಹೇಳಲಾರೆ. ದಿನಕ್ಕೆ ನೂರು ಗಾಡಿ ನೋಡುವವರಿಗೆ ಬೇರೆ ಮಾರ್ಗವಿಲ್ಲ. ಆದರೆ ತಯಾರಿಕೆಯೇ ನಿಂತುಹೋದ ಗಾಡಿಗೆ ಆ ಬಾಗಿಲು ತೆರೆಯುವುದಿಲ್ಲ.

ತೆರೆದ ಬಾಗಿಲು ಸಿಕ್ಕಿದುದು ದೊಡ್ಡನೆಕ್ಕುಂದಿಯಲ್ಲಿ. ಈ ಊರಿನ ಇಂದಿನ ರೂಪವನ್ನು ಬಲ್ಲವರಿಗೆ ಇದು ಸೋಜಿಗವೆನಿಸೀತು. ಒಂದು ಪಕ್ಕದಲ್ಲಿ ಮೆಟ್ರೋ ಕಂಬಗಳೆದ್ದಿರುವ ಹೊರವರ್ತುಲ ರಸ್ತೆ, ಅದರ ಎರಡು ಕಡೆಗೂ ಗಾಜಿನ ಸೌಧಗಳು; ಇನ್ನೊಂದು ಪಕ್ಕದಲ್ಲಿ ಕೆರೆ, ಹಳೆಯ ಊರಿನ ಓಣಿಗಳು, ದೇವಸ್ಥಾನ; ಇವೆರಡರ ನಡುವೆ ಕೈಗಾರಿಕಾ ಪ್ರದೇಶ. ಹೊರಗಿನವರ ಕಣ್ಣಿಗೆ ಗಾಜಿನ ಸೌಧಗಳೇ ಕಾಣುತ್ತವೆ. ಆದರೆ ತಗಡಿನ ಮಾಡಿನ ಕೆಳಗೆ ಲೇತುಯಂತ್ರ ತಿರುಗುವ ಚಿಕ್ಕ ಚಿಕ್ಕ ಕಾರ್ಖಾನೆಗಳೂ ಇಲ್ಲಿ ಉಂಟು; ಲಾರಿಗಳೂ ಉಂಟು; ಲಾರಿಗಳಿರುವೆಡೆಯಲ್ಲಿ ಕಮಾನು ಕಟ್ಟುವವನೊಬ್ಬ ಇರಲೇಬೇಕು.

ಆ ಮೇಸ್ತ್ರಿಗೆ ಅರುವತ್ತು ದಾಟಿದೆ. ಶಿವಾಜಿನಗರದಲ್ಲಿ ಹುಡುಗನಾಗಿದ್ದಾಗ ಕೆಲಸ ಕಲಿತು, ಲಾರಿಗಳ ಬೆನ್ನುಹತ್ತಿ ಇಲ್ಲಿಗೆ ಬಂದವರು. ಎಲ್ಲರೂ ಭಾಯಿ ಎನ್ನುತ್ತಾರೆ. ನಾನೂ ಹಾಗೆಯೇ ಕರೆದೆ. ಗಾಡಿಯ ಹಿಂಬದಿಯನ್ನು ಎರಡು ಕೈಗಳಿಂದ ಒತ್ತಿ ಬಿಟ್ಟು, ಅದು ಎಷ್ಟು ಸಲ ತೂಗಾಡುತ್ತದೆಂದು ನೋಡಿದರು. ಆಮೇಲೆ ಕೆಳಗೆ ಹೊಕ್ಕು ಒಂದು ಹಾರೆಯ ತುದಿಯನ್ನು ಕಮಾನಿನ ಕಣ್ಣಿಗೆ ಕೊಟ್ಟು ಮೀಟಿದರು.

"ಬುಷ್ ಎಲ್ಲಾ ಪುಡಿಯಾಗಿದೆ, ಮೇಷ್ಟ್ರೇ. ಪಾಟಾ ಬಿಚ್ಚಿ ನೋಡದೆ ನಾನು ಏನೂ ಹೇಳಲ್ಲ."

ಬುಷ್ಷೆಂಬುದು ಕಮಾನಿನ ಕಣ್ಣಿನೊಳಗೆ ಕೂಡುವ ರಬ್ಬರಿನ ಬಳೆ. ಮುಂದಿನ ಕಣ್ಣಿನದರಲ್ಲಿ ರಬ್ಬರಿನ ಒಳಗೂ ಹೊರಗೂ ಉಕ್ಕಿನ ಕೊಳವೆಗಳಿರುತ್ತವೆ. ಕಮಾನು ಆಡುವಾಗ ಈ ರಬ್ಬರು ಜಾರುವುದಿಲ್ಲ. ತಾನೇ ಒಂದಿಷ್ಟು ತಿರುಚಿಕೊಂಡು ಮತ್ತೆ ಸ್ವಸ್ಥಿತಿಗೆ ಬರುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಂತು ಸದ್ದನ್ನು ನುಂಗುವುದು ಅದರ ಧರ್ಮ. ಬಿಸಿಲು, ಎಣ್ಣೆ, ವಯಸ್ಸು ಈ ಮೂರೂ ಅದಕ್ಕೆ ಹಗೆಗಳು. ಒಮ್ಮೆ ಗಡುಸಾಗಿ ಬಿರುಕುಬಿಟ್ಟರೆ ಕಣ್ಣಿನಲ್ಲಿ ಎಡೆಯಾಗುತ್ತದೆ. ಎಡೆಯಾದೊಡನೆ ಅಚ್ಚು ಅಲೆಯುತ್ತದೆ. ನನಗೆ ಕೇಳಿಸುತ್ತಿದ್ದ 'ಠಕ್' ಎಂಬ ಸದ್ದು ಲೋಹಕ್ಕೆ ಲೋಹ ತಾಗುವ ಸದ್ದು.

ಬಿಚ್ಚುವ ಕೆಲಸ ಒಂದು ಹಗಲನ್ನು ತೆಗೆದುಕೊಂಡಿತು. ಹಿಂದಿನ ರಾತ್ರಿಯೇ ತುಕ್ಕುಹಿಡಿದ ನಟ್ಟುಗಳಿಗೆ ಎಣ್ಣೆ ಕುಡಿಸಿಟ್ಟಿದ್ದರು. ಮುಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂಬದಿಯನ್ನು ಜಾಕಿಯಿಂದ ಎತ್ತಿ, ಒಡಲಿನ ಗಟ್ಟಿ ಭಾಗದ ಕೆಳಗೆ ಉಕ್ಕಿನ ಕುದುರೆಗಳನ್ನು ನಿಲ್ಲಿಸಿದರು. ಅಚ್ಚಿಗೆ ಬೇರೆಯೇ ಆಸರೆ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಕೂಡದೆಂದು ಅಲ್ಲಿದ್ದ ಹುಡುಗನಿಗೆ ಗದರಿಸಿ ಹೇಳಿದರು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಬಳಿಕ ಯೂ ಬೋಲ್ಟು, ಶ್ಯಾಕಲ್ಲು, ಕೊನೆಗೆ ಮುಂದಿನ ಕಣ್ಣಿನ ಬೋಲ್ಟು ಬಿಡಿಸಿ ಕಮಾನುಗಳನ್ನು ಇಳಿಸಿದರು. ಪಕ್ಕಪಕ್ಕದಲ್ಲಿಟ್ಟು ಕಣ್ಣಿನಿಂದ ಕಣ್ಣಿಗೆ ದಾರ ಹಿಡಿದು ಬಾಗಿನ ಆಳವನ್ನು ಅಳೆದರು. ಬಲಗಡೆಯದು ಎಡಗಡೆಯದಕ್ಕಿಂತ ಮುಕ್ಕಾಲು ಅಂಗುಲ ಚಪ್ಪಟೆಯಾಗಿತ್ತು. ನಮ್ಮಲ್ಲಿ ಚಾಲಕ ಕುಳಿತುಕೊಳ್ಳುವುದು ಬಲಕ್ಕೆ. ಒಬ್ಬನೇ ಓಡಾಡಿದ ದಿನಗಳೆಲ್ಲ ಭಾರ ಆ ಕಡೆಗೇ ಹೆಚ್ಚು. ದೊಡ್ಡಪ್ಪನವರು ಬಹು ಕಾಲ ಒಬ್ಬರೇ ಗಾಡಿ ನಡೆಸಿದವರು.

ಪಟ್ಟಿಗಳನ್ನೆಲ್ಲ ನಡುವೆ ಹಾದು ಹಿಡಿದಿರುವುದು ಸೆಂಟರ್ ಬೋಲ್ಟು. ಅದನ್ನು ತೆಗೆದೊಡನೆ ಕಟ್ಟು ಬಿಚ್ಚಿಕೊಂಡಿತು. ಒಂದೊಂದೇ ಪಟ್ಟಿಯನ್ನು ತಂತಿಕುಂಚದಿಂದ ಉಜ್ಜಿ ಸೀಮೆಯೆಣ್ಣೆಯಲ್ಲಿ ತೊಳೆದು ಒರೆಸಿದರು. ಆಮೇಲೆ ಮಾಡಿದ ಕೆಲಸವನ್ನು ನಾನು ಎಂದೂ ಮರೆಯಲಾರೆ. ಗೋಡೆಯ ಗೂಡಿನಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆದು, "ಇದು ನಿಮ್ಮ ಸಾಮಾನು" ಎಂದು ನಕ್ಕು, ಪಟ್ಟಿಗಳಿಗೆ ಉದ್ದಕ್ಕೂ ಬಳಿದರು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಉಳಿದ ಪಟ್ಟಿಗಳು ಬಿಳಿಯಾಗಿಯೇ ಇದ್ದುವು. ಬಲಗಡೆಯ ಮುಖ್ಯ ಪಟ್ಟಿಯಲ್ಲಿ ಮಾತ್ರ, ಮುಂದಿನ ಕಣ್ಣು ಬಾಗುವ ಸ್ಥಳದಲ್ಲಿ, ಕೂದಲಿನಂತಹ ಕಪ್ಪುಗೆರೆಯೊಂದು ಮೆಲ್ಲಮೆಲ್ಲನೆ ಮೂಡಿತು. ಒಳಗಿನ ಬಿರುಕಿಗೆ ಇಳಿದಿದ್ದ ಸೀಮೆಯೆಣ್ಣೆ ಸುಣ್ಣಕ್ಕೆ ಮರಳಿ ಜಿನುಗಿ ಬಿರುಕನ್ನು ಬರೆದು ತೋರಿಸಿತ್ತು. ಹಿಂದಿನ ಕಾಲದಲ್ಲಿ ರೈಲ್ವೆ ಕಾರ್ಯಾಗಾರಗಳಲ್ಲಿಯೂ ಬಿರುಕನ್ನು ಹೀಗೆಯೇ ಹುಡುಕುತ್ತಿದ್ದರು. ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದ ನನಗೆ ಅದರ ಈ ವಿದ್ಯೆ ಗೊತ್ತಿರಲಿಲ್ಲ.

"ಕುಟ್ಟಿ ಬಗ್ಗಿಸಿದರೆ ನಡೆಯುವುದಿಲ್ಲವೇ, ಭಾಯಿ?" ಎಂದು ಕೇಳಿದೆ.

"ಬೇರೆ ಪಾಟಾ ಎಲ್ಲಾ ಕುಟ್ಟಿ ಕೊಡ್ತೀನಿ. ಇದನ್ನ ಕುಟ್ಟಲ್ಲ. ಕುಟ್ಟಿದ್ರೆ ನಾಳೆ ಓಡ್ತದೆ, ನಾಳಿದ್ದೂ ಓಡ್ತದೆ. ಮುರಿಯೋ ದಿನ ನಿಮಗೆ ಹೇಳಿ ಮುರಿಯಲ್ಲ."

ಬೇಕೆಂದಿದ್ದರೆ ಆ ಬಿರುಕನ್ನು ಮುಚ್ಚಿಡಬಹುದಾಗಿತ್ತು. ಕಪ್ಪು ಬಣ್ಣ ಬಳಿದು ಕಟ್ಟಿ ಕೊಟ್ಟಿದ್ದರೆ ನನ್ನಂತಹವನಿಗೆ ಎಂದೂ ತಿಳಿಯುತ್ತಿರಲಿಲ್ಲ. ಇಡೀ ಕಮಾನುಗಳೇ ಕೆಟ್ಟಿವೆಯೆಂದು ಹೇಳಿ ಎಲ್ಲವನ್ನೂ ಹೊಸದಾಗಿ ಹಾಕಿಸಲೂ ಬಹುದಾಗಿತ್ತು. ಆಗಲೂ ನನಗೆ ತಿಳಿಯುತ್ತಿರಲಿಲ್ಲ. ಎರಡನ್ನೂ ಮಾಡದೆ, ಯಾವುದು ಉಳಿಯಬಲ್ಲುದು ಯಾವುದು ಉಳಿಯದು ಎಂಬುದನ್ನು ಪಟ್ಟಿ ಪಟ್ಟಿಯಾಗಿ ವಿಂಗಡಿಸಿದುದೇ ಈ ಕೆಲಸದ ಸಾರವೆಂದು ನನಗೆ ತೋರುತ್ತದೆ.

ಮುಖ್ಯ ಪಟ್ಟಿಗಳನ್ನು ಎರಡು ಕಡೆಗೂ ಹೊಸದಾಗಿ ಹಾಕಬೇಕೆಂದರು. ಒಂದು ಕಡೆ ಹೊಸತು, ಇನ್ನೊಂದು ಕಡೆ ಹಳತು ಇದ್ದರೆ ಗಾಡಿ ಕುಂಟುತ್ತದೆ. ಜೆ. ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅರ್ಧ ದಿನ ಅಲೆದ ಮೇಲೆ ಎರಡೂ ಸಿಕ್ಕಿದುವು. ಯೂ ಬೋಲ್ಟುಗಳೂ ಹೊಸವೇ ಆಗಬೇಕು. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟನ್ನು ಮತ್ತೆ ನಂಬಲಾಗದು. ರಬ್ಬರು ಬುಷ್ಷುಗಳೂ ದೊರೆತುವು. ಶ್ಯಾಕಲ್ಲಿನ ಪಿನ್ನುಗಳು ಮಾತ್ರ ಅಳತೆಗೆ ಬರಲಿಲ್ಲ. ಆ ಊರಿನ ಲೇತಿನ ಅಂಗಡಿಯವನೊಬ್ಬ ಹಳೆಯ ಪಿನ್ನಿನ ಸವೆಯದ ತುದಿಯನ್ನು ಅಳೆದು, ಅದರಂತೆ ಹೊಸದನ್ನು ಕಡೆದು ಕೊಟ್ಟ. ಸವೆದ ಭಾಗವನ್ನು ಅಳೆದಿದ್ದರೆ ಸವೆತವೇ ಪ್ರಮಾಣವಾಗಿಬಿಡುತ್ತಿತ್ತು!

ಉಳಿದ ಪಟ್ಟಿಗಳನ್ನು ಕುಟ್ಟುವ ಕೆಲಸ ನೋಡತಕ್ಕುದು. ನಡುವೆ ಹಳ್ಳವಿರುವ ಅಡಿಗಲ್ಲಿನ ಮೇಲೆ ಪಟ್ಟಿಯ ಒಳಬಾಗು ಮೇಲಾಗಿ ಇಟ್ಟು, ನಡುವಿನಿಂದ ತುದಿಗಳತ್ತ ಅಂಗುಲ ಅಂಗುಲವಾಗಿ ಸರಿಸುತ್ತ, ಒಂದೊಂದು ಪೆಟ್ಟು. ಎಲ್ಲ ಪೆಟ್ಟುಗಳೂ ಒಂದೇ ತೂಕ. ಒಂದು ಹೆಚ್ಚು ಬಿದ್ದರೆ ಅಲ್ಲಿ ಮೊಣಕೈಯಂತೆ ಮುರಿವು ಬೀಳುತ್ತದೆ. ಭಾರವೆಲ್ಲ ಮುಂದೆ ಆ ಮೊಣಕೈಗೇ. ಅಳತೆಗೋಲು ಹಿಡಿಯದೆ ಪಟ್ಟಿಯನ್ನು ಮೇಲಿನ ಪಟ್ಟಿಗೆ ತಾಗಿಸಿ, ಬೆಳಕಿಗೆ ಹಿಡಿದು, ನಡುವಿನ ಎಡೆಯನ್ನು ನೋಡುತ್ತಿದ್ದರು. ಕೆಳಗಿನ ಪಟ್ಟಿ ಮೇಲಿನದಕ್ಕಿಂತ ಒಂದಿಷ್ಟು ಹೆಚ್ಚು ಬಾಗಿರಬೇಕು. ಬೋಲ್ಟು ಬಿಗಿದಾಗ ಒಂದನ್ನೊಂದು ಅಪ್ಪಿಕೊಳ್ಳಬೇಕು. ಪಟ್ಟಿಗಳ ನಡುವೆ ತೆಳುವಾಗಿ ಗ್ರೀಸು ಸವರಿದರು. ಬುಷ್ಷಿಗೆ ಮಾತ್ರ ಗ್ರೀಸು ತಾಗಿಸಲಿಲ್ಲ; ಸಾಬೂನು ನೀರು ಹಚ್ಚಿ ಕಣ್ಣಿಗೆ ಒತ್ತಿದರು. ಎಣ್ಣೆ ಲೋಹಕ್ಕೆ ಅಮೃತ, ರಬ್ಬರಿಗೆ ವಿಷ.

ಕೊನೆಯ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ ಕಣ್ಣಿನ ಬೋಲ್ಟುಗಳನ್ನು ಭಾಯಿ ಪೂರ್ತಿ ಬಿಗಿಯಲಿಲ್ಲ. ಗಾಲಿ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರವೆಲ್ಲ ಕಮಾನಿನ ಮೇಲೆ ಕುಳಿತ ಅನಂತರವೇ ಕೆಳಗೆ ತೆವಳಿಹೋಗಿ ಬಿಗಿದರು. ಗಾಡಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರು ಆ ಸ್ಥಿತಿಯನ್ನೇ ಸಹಜವೆಂದು ಹಿಡಿಯುತ್ತದೆ. ಕೆಳಗಿಳಿಸಿದೊಡನೆ ತಿರುಚಿಕೊಂಡು, ಸದಾ ತಿರುಚಿಕೊಂಡೇ ಇದ್ದು, ಬೇಗನೆ ಹರಿದುಹೋಗುತ್ತದೆ. ಭಾರ ಹೊತ್ತ ನಿಲುವೇ ಅದಕ್ಕೆ ವಿಶ್ರಾಂತಿಯ ನಿಲುವಾಗಬೇಕು. ಇದನ್ನು ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಕೇಳಿದೆ. ಉಸ್ತಾದರು ತಲೆಗೆ ಮೊಟಕಿ ಕಲಿಸಿದರು ಎಂದರು.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ಮುಖ್ಯ ಪಟ್ಟಿಗಳು ಹೊಸವು, ಬುಷ್ಷು ಹೊಸದು, ಬೋಲ್ಟು ಹೊಸದು, ಪಿನ್ನು ದೊಡ್ಡನೆಕ್ಕುಂದಿಯದು. ಇದು ದೊಡ್ಡಪ್ಪನವರ ಗಾಡಿಯೇ ಹೌದೇ? ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ನಿಯಮ ಇದಕ್ಕೆ ಒಂದು ಬಗೆಯ ಉತ್ತರ ಕೊಡುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪವನ್ನು ಉಳಿಸಿಕೊಂಡ ಗಾಡಿಗಳನ್ನು ಪಾರಂಪರಿಕ ವಾಹನವೆಂದು 'ವಿಎ' ಅಕ್ಷರಗಳ ಸಂಖ್ಯೆ ಕೊಟ್ಟು ನೋಂದಾಯಿಸಬಹುದು. ಚಾಸಿ, ಒಡಲು, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದು. ಸವೆದ ಬುಷ್ಷಿನ ಮಾತು ಅಲ್ಲಿಲ್ಲ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕೆ, ಮೆರವಣಿಗೆಯಂತಹ ಓಟಗಳಿಗೆ, ದುರಸ್ತಿಗೆ ಮಾತ್ರ ಹೊರತರಬಹುದು. ನಾನು ಆ ಗೌರವವನ್ನು ಬಯಸಲಿಲ್ಲ. ಐದೈದು ವರ್ಷಕ್ಕೊಮ್ಮೆ ಅರ್ಹತೆಯ ಪರೀಕ್ಷೆಗೆ ಒಪ್ಪಿಸಿ ಸಾಮಾನ್ಯ ನೋಂದಣಿಯನ್ನೇ ಮುಂದುವರಿಸುವುದೆಂದು ನಿಶ್ಚಯಿಸಿದೆ. ಪ್ರದರ್ಶನವೂ ಬೇಕಾದುದೇ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ 'ಪಯಣ'ದಲ್ಲಿ ಹಳೆಯ ಕಾರುಗಳನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ನಿಂತ ಗಾಡಿಯ ಕಮಾನು ಭಾರವನ್ನು ಹೊರುತ್ತದೆಯೇ ಹೊರತು ಆಡುವುದಿಲ್ಲ. ನಮ್ಮ ನುಡಿಗೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ಹಿಗ್ಗಿದ ನಾವು, ಅದು ದಿನಬಳಕೆಗೂ ಉಳಿಯಬೇಕೆಂದೇ ಅಲ್ಲವೇ ಹಂಬಲಿಸಿದುದು?

ಬಿಚ್ಚಿಟ್ಟ ಪಟ್ಟಿಗಳನ್ನು ನೋಡಿದಾಗ ನನಗೆ ನೆನಪಾದುದು ಓಲೆಯ ಕಟ್ಟು. ಅಲ್ಲಿಯೂ ಗರಿಯ ಮೇಲೆ ಗರಿ, ನಡುವೆ ತೂತು, ತೂತಿನಲ್ಲಿ ಹಾದು ಎಲ್ಲವನ್ನೂ ಹಿಡಿದ ದಾರ. ಗರಿ ಶಿಥಿಲವಾದಾಗ ನಮ್ಮ ಲಿಪಿಕಾರರು ಅದನ್ನು ಹೊಸ ಗರಿಗೆ ನಕಲು ಮಾಡುತ್ತಿದ್ದರು. ಪಂಪನ ಕೈಯಿಂದ ಬರೆದ ಗರಿ ಒಂದೂ ಉಳಿದಿಲ್ಲ. ಪಂಪನ ಕಾವ್ಯ ಉಳಿದಿದೆ. ಹಾಗೆಂದು ಲಿಪಿಕಾರ ಮನಬಂದಂತೆ ಬದಲಿಸಿದರೆ ಪಾಠ ಕೆಡುತ್ತದೆ. ಕೆಟ್ಟ ಪಾಠವನ್ನೂ ಪೂಜ್ಯವೆಂದು ಮುಟ್ಟದಿದ್ದರೆ ಅರ್ಥ ಕೆಡುತ್ತದೆ. ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥ ಸಂಪಾದನೆ'ಯನ್ನು ಬರೆದುದು ಈ ವಿವೇಕವನ್ನು ಶಾಸ್ತ್ರವಾಗಿ ಕಲಿಸುವುದಕ್ಕೆ. ಭಾಯಿ ಸೀಮೆಸುಣ್ಣ ಬಳಿದು ಕುಳಿತ ಆ ಮೌನದ ಗಳಿಗೆಯಲ್ಲಿ ನಡೆದುದೂ ಪಾಠಪರಿಶೋಧನೆಯೇ.

ಮೂಲವನ್ನೇ ಬದಲಿಸಬೇಕಾದ ಸಂದರ್ಭಗಳೂ ಉಂಟು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಹಿಂದೆ ಅಡ್ಡಲಾಗಿ ಮಲಗಿಸಿದ ಒಂದೇ ಕಮಾನು. ಎರಡು ಗಾಲಿಗಳೂ ಬೇರೆಬೇರೆಯಾಗಿ ಆಡುತ್ತಿದ್ದುವು. ಯುಕ್ತಿ ಚೆಲುವಾದುದೇ. ಆದರೆ ನಮ್ಮ ಕೊಳ್ಳುವವರಿಗೂ ಮೆಕ್ಯಾನಿಕ್ಕುಗಳಿಗೂ ಅದು ಹಿಡಿಸಲಿಲ್ಲ. 1972ರಲ್ಲಿ ಅದೇ ಸಂಸ್ಥೆ ಗೆಜೆಲ್ ಎಂಬ ಗಾಡಿಯನ್ನು ತಂದಾಗ ಗಟ್ಟಿ ಅಚ್ಚಿಗೂ ಉದ್ದುದ್ದ ಕಮಾನುಗಳಿಗೂ ಮರಳಿತು. ಅದು ದುರಸ್ತಿಯಲ್ಲ, ಪರಿಷ್ಕಾರ. ರಚಿಸಿದವರಿಗೆ ಸಲ್ಲುವ ಅಧಿಕಾರ. ದುರಸ್ತಿ ಮಾಡುವವನ ಅಧಿಕಾರ ಅದಕ್ಕಿಂತ ಕಿರಿದು. ಅವನ ಹೊಣೆ ಕಿರಿದಲ್ಲ.

ನನ್ನನ್ನು ಕಾಡುವುದು ಬಿಡಿಭಾಗಗಳ ಚಿಂತೆಯಲ್ಲ. ಪಿನ್ನನ್ನು ಲೇತಿನಲ್ಲಿ ಕಡೆಯಬಹುದು, ರಬ್ಬರನ್ನು ಅಚ್ಚಿಗೆ ಹೊಯ್ಯಬಹುದು. ಇಂದಿನ ಕಾರುಗಳಿಗೆ ಸುರುಳಿ ಸ್ಪ್ರಿಂಗುಗಳು. ಅವು ಕುಸಿದರೆ ಕುಟ್ಟುವುದಿಲ್ಲ, ಎಸೆಯುತ್ತಾರೆ. ಕಮಾನು ಉಳಿದಿರುವುದು ಹೆಚ್ಚಾಗಿ ಲಾರಿಗಳಲ್ಲಿ. ಒಂದೇ ತೂಕದ ಪೆಟ್ಟು ಹಾಕುವ ಕೈ, ಬೆಳಕಿಗೆ ಹಿಡಿದು ಎಡೆ ನೋಡುವ ಕಣ್ಣು—ಇವುಗಳ ನಕಲನ್ನು ಯಾವ ಗರಿಯ ಮೇಲೆ ತೆಗೆಯುವುದು? "ಹುಡುಗ್ರು ಬರ್ತಾರೆ ಮೇಷ್ಟ್ರೇ, ನಿಲ್ಲಲ್ಲ. ಬಿಸಿಲಲ್ಲಿ ಸುತ್ತಿಗೆ ಹೊಡೆಯೋದಕ್ಕಿಂತ ಸ್ಕೂಟರಲ್ಲಿ ಊಟ ತಲುಪಿಸಿದ್ರೆ ದುಡ್ಡು ಜಾಸ್ತಿ" ಎಂದರು ಭಾಯಿ. ಅವರ ದನಿಯಲ್ಲಿ ದೂರಿರಲಿಲ್ಲ. ಹುಡುಗರದೂ ತಪ್ಪಲ್ಲ, ಅವರ ಮೇಲೂ ಮನೆಯ ಭಾರವಿದೆ. ಆದರೂ ಅಂದು ಅಲ್ಲಿದ್ದ ಒಬ್ಬ ಹುಡುಗ, ಭಾಯಿ ನೀರು ಕುಡಿಯಲು ಹೋದಾಗ ಸುತ್ತಿಗೆ ತೆಗೆದುಕೊಂಡು, ನಮಗೆ ಬೇಡವಾದ ಆ ಬಿರುಕಿನ ಪಟ್ಟಿಯ ಮೇಲೆ ನಾಲ್ಕು ಪೆಟ್ಟು ಹಾಕಿ ನೋಡಿದ. ಮೂರನೆಯದು ಹೆಚ್ಚು ಬಿತ್ತು. ತಾನೇ ತಲೆಯಾಡಿಸಿ, ಪಟ್ಟಿಯನ್ನು ಒಂದಂಗುಲ ಸರಿಸಿ, ಮತ್ತೆ ಹೊಡೆದ.

ಲೆಕ್ಕ ತೀರಿಸಿ ಹೊರಟಾಗ ಭಾಯಿ ಹೇಳಿದರು: "ಐನೂರು ಕಿಲೋಮೀಟರ್ ಓಡಿಸಿ ಮತ್ತೆ ಬನ್ನಿ. ಯೂ ಬೋಲ್ಟ್ ಇನ್ನೊಂದು ಸಲ ಬಿಗೀಬೇಕು." ಹೊಸದಾಗಿ ಕಟ್ಟಿದ ಪಟ್ಟಿಗಳು ಭಾರ ಹೊತ್ತು ಓಡಾಡಿ ಒಂದರ ಮೇಲೊಂದು ಸರಿಯಾಗಿ ಕುಳಿತುಕೊಳ್ಳಲು ಅಷ್ಟು ದೂರ ಬೇಕು. ಕೂತಾಗ ಒಂದಿಷ್ಟು ಸಡಿಲ ಬೀಳುತ್ತದೆ. ಆ ಸಡಿಲವನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಹೊಸದು ಹಳೆಯದರೊಡನೆ ಹೊಂದಿಕೊಂಡಿತೆಂಬುದರ ಗುರುತು ಅದು. ಮತ್ತೊಮ್ಮೆ ಹೋಗಿ ಬಿಗಿಸಿಕೊಂಡು ಬಂದರಾಯಿತು.